ಬೆಳಕು ಎಲ್ಲಿ ಸೋರಿತು?

ಲ್ಯಾಬ್ ಮೇಜು: ಓದುಗರ ಪ್ರಶ್ನೆಗಳಿಗೆ ಕಲಬುರಗಿಯಿಂದ ಉತ್ತರ

ಮೈಕ್ರೋಸ್ಕೋಪಿನಲ್ಲಿ ತೆಗೆದ ಫೋಟೋ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತಿದ್ದವು: "ಮೇಡಂ, ಕಣ್ಣಿಟ್ಟು ನೋಡಿದರೆ ಚಂದ ಕಾಣ್ತದೆ, ಫೋಟೋದಲ್ಲಿ ಕಪ್ಪು." ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಬೆಳಕಿನ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇನೆ. ನಾನು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಮಾಡಿಸಿ ನಿವೃತ್ತಳಾದವಳು. ಹುಡುಗರು ಕಂಪ್ಯೂಟರಿನ ಮುಂದೆ ಕೂರುವ ಮೊದಲು ಅವರನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸುವ ಚಟ ಇನ್ನೂ ಹೋಗಿಲ್ಲ. ಕೆಳಗಿನ ಉತ್ತರಗಳಲ್ಲೂ ಅದು ಕಾಣುತ್ತದೆ, ಸಹಿಸಿಕೊಳ್ಳಿ.

ಪ್ರಶ್ನೆ: ನಮ್ಮ ಶಾಲೆಯ ಮೈಕ್ರೋಸ್ಕೋಪಿನ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಮೇಲೆ ಮೊಬೈಲ್ ಹಿಡಿದು ತೊಗರಿ ಕಾಂಡದ ಸೆಕ್ಷನ್, ಅಂದರೆ ತೆಳುವಾಗಿ ಕೊಯ್ದ ಬಿಲ್ಲೆಯ ಫೋಟೋ ತೆಗೆಯುತ್ತೇನೆ. ನೆಟೆ ರೋಗ ಬಂದ ಗಿಡ, ಚೆನ್ನಾಗಿರುವ ಗಿಡ ಎರಡನ್ನೂ ಹೋಲಿಸಿ ಮಕ್ಕಳಿಗೆ ತೋರಿಸಬೇಕು. ಆದರೆ ನಡುವೆ ಬಿಳಿ, ಮೂಲೆಗಳಲ್ಲಿ ಕಪ್ಪು. ಮೂಲೆಯಲ್ಲಿರುವ ನಾಳಗಳು ರೋಗ ಬಂದು ಕಪ್ಪಾಗಿವೆಯೋ, ಬೆಳಕಿಲ್ಲದೆ ಕಪ್ಪಾಗಿವೆಯೋ ಗೊತ್ತಾಗುವುದಿಲ್ಲ.
(ಹೈಸ್ಕೂಲ್ ಶಿಕ್ಷಕರು, ಸೇಡಂ ತಾಲ್ಲೂಕು)

ಸರ್, ನಿಮ್ಮ ಕೊನೆಯ ವಾಕ್ಯ ಓದಿ ಖುಷಿಯಾಯಿತು. ಫೋಟೋ ಚಂದ ಬರಲಿಲ್ಲ ಅಂತ ಕೊರಗುವವರೇ ಜಾಸ್ತಿ. ಆ ಕಪ್ಪು ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ.

ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಸ್ಲೈಡನ್ನು ಹಾಗೇ ಅರ್ಧ ಸುತ್ತು ತಿರುಗಿಸಿ ಇನ್ನೊಂದು ಫೋಟೋ ತೆಗೆಯಿರಿ. ಕಪ್ಪು ಭಾಗ ಸೆಕ್ಷನ್ ಜೊತೆಗೇ ತಿರುಗಿದರೆ ಅದು ಕಾಂಡದ್ದು. ಫೋಟೋದ ಅದೇ ಮೂಲೆಯಲ್ಲಿ ಕೂತಿದ್ದರೆ ಅದು ಬೆಳಕಿನದು. ನೀವು ಬ್ಲೇಡಿನಿಂದ ಕೈಯಲ್ಲೇ ಕೊಯ್ಯುತ್ತೀರಿ ಅಂತ ಬರೆದಿದ್ದೀರಿ. ಕೈಯಲ್ಲಿ ಕೊಯ್ದ ಸೆಕ್ಷನ್ ಒಂದು ಬದಿ ತೆಳ್ಳಗೆ, ಇನ್ನೊಂದು ಬದಿ ದಪ್ಪ ಇರುವುದು ಸಾಮಾನ್ಯ. ದಪ್ಪ ಬದಿ ಕಪ್ಪಾಗಿಯೇ ಕಾಣುತ್ತದೆ. ಅದನ್ನು ಯಾವ ಸಾಫ್ಟ್‌ವೇರ್‌ನಿಂದಲೂ ಸರಿ ಮಾಡಲು ಹೋಗಬೇಡಿ. ಕಾಂಡವನ್ನು ಆಲೂಗಡ್ಡೆ ತುಂಡಿನ ನಡುವೆ ಸಿಕ್ಕಿಸಿ ಮತ್ತೆ ಕೊಯ್ಯಿರಿ, ಅಷ್ಟೇ.

ಕಪ್ಪು ಮೂಲೆಯಲ್ಲೇ ಕೂತಿದೆ ಅಂದುಕೊಳ್ಳೋಣ. ನೀವು ಕಳಿಸಿದ ಫೋಟೋ ನೋಡಿದರೆ ನನ್ನ ಮೊದಲ ಅನುಮಾನ ಮೊಬೈಲ್ ಹಿಡಿದ ಎತ್ತರದ ಮೇಲೆ. ಐಪೀಸಿನಿಂದ ಹೊರಬರುವ ಬೆಳಕು ಅದರ ಮೇಲೆ ಸ್ವಲ್ಪ ದೂರದಲ್ಲಿ ಒಂದು ಸಣ್ಣ ಚುಕ್ಕೆಯಾಗಿ ಸೇರುತ್ತದೆ. ಕೋಣೆಯ ಲೈಟ್ ಆರಿಸಿ, ತೆಳು ಬಿಳಿ ಕಾಗದವನ್ನು ಐಪೀಸ್ ಮೇಲೆ ಹಿಡಿದು ನಿಧಾನಕ್ಕೆ ಎತ್ತುತ್ತಾ ಹೋಗಿ. ಒಂದು ಎತ್ತರದಲ್ಲಿ ಆ ಚುಕ್ಕೆ ಚಿಕ್ಕದಾಗಿ, ಅಂಚು ಚೂಪಾಗಿ ಕಾಣುತ್ತದೆ. ಮೊಬೈಲ್ ಲೆನ್ಸ್ ಅಲ್ಲಿರಬೇಕು. ಮೇಲಾದರೂ ಕೆಳಗಾದರೂ ಪಕ್ಕಕ್ಕೆ ಸರಿದರೂ ಮೂಲೆಗಳು ಕತ್ತರಿಸಿ ಹೋಗುತ್ತವೆ. ಕೈಯಲ್ಲಿ ಹಿಡಿದು ಆ ಜಾಗ ಕಾಯ್ದುಕೊಳ್ಳುವುದು ಆಗದ ಮಾತು. ಪಿವಿಸಿ ಪೈಪಿನ ತುಂಡು, ರಟ್ಟು, ರಬ್ಬರ್ ಬ್ಯಾಂಡ್ ಇದ್ದರೆ ಮಕ್ಕಳೇ ಒಂದು ಹಿಡಿಕೆ ಮಾಡಿಕೊಡುತ್ತಾರೆ.

ಆಮೇಲೆ ಕೆಳಗಿನ ಕನ್ನಡಿ. ಕಂಡೆನ್ಸರ್ (ಸ್ಲೈಡಿನ ಕೆಳಗೆ ಬೆಳಕನ್ನು ಒಟ್ಟುಗೂಡಿಸುವ ಲೆನ್ಸ್) ಇದ್ದರೆ ಕನ್ನಡಿಯ ಚಪ್ಪಟೆ ಮುಖ, ಇಲ್ಲದಿದ್ದರೆ ಗುಳಿ ಇರುವ ಮುಖ. ಸ್ಲೈಡಿನ ಮೇಲೆ ಸಣ್ಣ ಪವರ್ ಲೆನ್ಸ್ (ಆಬ್ಜೆಕ್ಟಿವ್) ಹಾಕಿದಾಗ ಮೂಲೆ ಕಪ್ಪಾದರೆ ಕಂಡೆನ್ಸರನ್ನು ಸ್ವಲ್ಪ ಕೆಳಗಿಳಿಸಿ ನೋಡಿ. ಈ ಮೂಲೆಯ ಕಾಟ ಹಳೆಯದು. ದೀಪದ ಜ್ವಾಲೆಯ ಆಕಾರವೇ ಫೋಟೋದ ಮೇಲೆ ಬಿದ್ದು ಎಲ್ಲರಿಗೂ ತಲೆನೋವಾಗಿದ್ದ ಕಾಲದಲ್ಲಿ ಜರ್ಮನಿಯ ಆಗಸ್ಟ್ ಕೊಹ್ಲರ್ 1893ರಲ್ಲಿ ಬೆಳಕನ್ನು ಸಮನಾಗಿ ಹರಡುವ ಜೋಡಣೆ ಹೇಳಿಕೊಟ್ಟರು. ಇಂದಿಗೂ ದೊಡ್ಡ ಮೈಕ್ರೋಸ್ಕೋಪ್‌ಗಳಲ್ಲಿ ಅದೇ ಜೋಡಣೆ, ಅವರದೇ ಹೆಸರು.

ಇಷ್ಟೆಲ್ಲ ಮಾಡಿದರೂ ಮೂಲೆ ಸ್ವಲ್ಪ ಮಂಕಾಗಿಯೇ ಉಳಿಯುತ್ತದೆ. ಈಗ ಲೆಕ್ಕಕ್ಕೆ ಬನ್ನಿ. ಎರಡು ಫೋಟೋ ಜಾಸ್ತಿ ಬೇಕು. ಒಂದು ಖಾಲಿ ಫೋಟೋ: ಸ್ಲೈಡನ್ನು ಸರಿಸಿ, ಕವರ್‌ಸ್ಲಿಪ್ ಕೆಳಗೆ ಬರೀ ನೀರೋ ಗ್ಲಿಸರಿನ್ನೋ ಇರುವ ಜಾಗ ಹಿಡಿಯಿರಿ. ಫೋಕಸ್ ತುಸು ಬಿಡಿ. ಬೆಳಕು, ಕಂಡೆನ್ಸರ್, ಮೊಬೈಲ್ ಯಾವುದನ್ನೂ ಮುಟ್ಟಬೇಡಿ. ಇನ್ನೊಂದು ಕತ್ತಲೆ ಫೋಟೋ: ಕೆಳಗಿನ ಬೆಳಕನ್ನು ಪೂರ್ತಿ ಮುಚ್ಚಿ ತೆಗೆದದ್ದು. ಬೆಳಕೇ ಇಲ್ಲದಿದ್ದರೂ ಕ್ಯಾಮೆರಾ ಸೊನ್ನೆ ತೋರಿಸುವುದಿಲ್ಲ, ಒಂದಿಷ್ಟು ಅಂಕಿ ಇದ್ದೇ ಇರುತ್ತದೆ.

ನಮ್ಮ ಎಪಿಎಂಸಿಗೆ ತೊಗರಿ ಹಾಕಿದವರಿಗೆ ಈ ಲೆಕ್ಕ ಹೊಸದಲ್ಲ. ಖಾಲಿ ಚೀಲದ ತೂಕವನ್ನು ಕಳೆಯುತ್ತಾರೆ, ಅದು ಎಲ್ಲ ಚೀಲಕ್ಕೂ ಒಂದೇ. ಶೇಕಡಾ ಲೆಕ್ಕದಲ್ಲಿ ಮುರಿದುಕೊಂಡದ್ದನ್ನು ಮಾತ್ರ ಕೂಡಿಸಿ ಕಳೆದು ಸರಿ ಮಾಡಲಾಗದು, ಭಾಗಿಸಿಯೇ ಮೂಲ ಮೊತ್ತಕ್ಕೆ ಬರಬೇಕು. ಇಲ್ಲಿ ಕತ್ತಲೆ ಫೋಟೋ ಚೀಲದ ತೂಕ. ಮೂಲೆಯ ಮಂಕು ಶೇಕಡಾ ಮುರಿತ. ಮೊದಲು ಸೆಕ್ಷನ್ ಫೋಟೋ, ಖಾಲಿ ಫೋಟೋ ಎರಡರಿಂದಲೂ ಕತ್ತಲೆ ಕಳೆಯಿರಿ, ಆಮೇಲೆ ಸೆಕ್ಷನ್ ಫೋಟೋವನ್ನು ಖಾಲಿ ಫೋಟೋದಿಂದ ಭಾಗಿಸಿ.

ಅಂಕಿ ಇಟ್ಟು ನೋಡೋಣ. ಫೋಟೋದ ಪ್ರತಿ ಚುಕ್ಕೆಯ ಹೊಳಪು 0ಯಿಂದ 255ರವರೆಗಿನ ಒಂದು ಅಂಕಿ. ಕತ್ತಲೆ 10. ಖಾಲಿ ಫೋಟೋದಲ್ಲಿ ನಡುವೆ 200, ಮೂಲೆಯಲ್ಲಿ 120. ನಿಮ್ಮ ಸೆಕ್ಷನ್ನಿನಲ್ಲಿ ನಡುವಿನ ಒಂದು ನಾಳ 105 ತೋರಿಸುತ್ತದೆ, ಮೂಲೆಯ ನಾಳ 65. ಸುಮ್ನೆ ಕಣ್ಣಲ್ಲಿ ನೋಡಿದರೆ ಮೂಲೆಯದಕ್ಕೆ ರೋಗ ಅನ್ನುತ್ತೀರಿ. ಲೆಕ್ಕ ಮಾಡಿ: ನಡುವಿನದು 95 ಭಾಗ 190, ಅಂದರೆ 0.5. ಮೂಲೆಯದು 55 ಭಾಗ 110, ಅದೂ 0.5. ಎರಡೂ ಬೆಳಕಿನ ಅರ್ಧವನ್ನೇ ಬಿಡುತ್ತಿವೆ. ಕತ್ತಲೆ ಕಳೆಯುವುದನ್ನು ಮರೆತಿದ್ದರೆ 0.525, 0.54 ಅಂತ ಬರುತ್ತಿತ್ತು. ಇಲ್ಲಿ ಚಿಕ್ಕ ತಪ್ಪು. ಇನ್ನೂ ಕಪ್ಪಾದ ನಾಳಗಳಲ್ಲಿ ಅದೇ ತಪ್ಪು ದೊಡ್ಡದಾಗುತ್ತದೆ.

ಚಿತ್ರಗಳನ್ನು ಅಳೆಯುವ ಸಾಫ್ಟ್‌ವೇರ್ ಇಮೇಜ್‌ಜೆ ಅಥವಾ ಅದರದೇ ದೊಡ್ಡ ಕಟ್ಟು ಆದ ಫಿಜಿಯಲ್ಲಿ ಇದು ಸುಲಭ, ಎರಡೂ ಉಚಿತ. ಪ್ರೊಸೆಸ್ ಮೆನುವಿನಲ್ಲಿ ಇಮೇಜ್ ಕ್ಯಾಲ್ಕ್ಯುಲೇಟರ್ ಇದೆ. ಭಾಗಿಸುವಾಗ 32 ಬಿಟ್ ಫಲಿತಾಂಶದ ಗುರುತು ಹಾಕಿ. ಇಲ್ಲದಿದ್ದರೆ 0.5 ಅನ್ನುವ ಉತ್ತರ ಪೂರ್ಣಾಂಕವಾಗಿ ಬದಲಾಗಿ, ಚಿತ್ರವೇ ಕಾಣೆಯಾಗುತ್ತದೆ.

ಮೊಬೈಲಿನ ಒಂದು ಕುತಂತ್ರ ಹೇಳಿಬಿಡುತ್ತೇನೆ. ಅದು ಪ್ರತಿ ಫೋಟೋಗೂ ತಾನೇ ಬೆಳಕು ಹೊಂದಿಸಿಕೊಳ್ಳುತ್ತದೆ, ಬಣ್ಣವನ್ನೂ ತಿದ್ದುತ್ತದೆ. ಖಾಲಿ ಫೋಟೋಗೆ ಒಂದು ಎಕ್ಸ್‌ಪೋಷರ್, ಸೆಕ್ಷನ್ನಿಗೆ ಇನ್ನೊಂದು ಆದರೆ ಮೇಲಿನ ಲೆಕ್ಕ ನಿಲ್ಲುವುದಿಲ್ಲ. ಪ್ರೊ ಮೋಡ್‌ಗೆ ಹೋಗಿ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಿ. ಸಾಧ್ಯವಾದರೆ ರಾ ಫೈಲ್ (ಮೊಬೈಲ್ ತಿದ್ದದ ಮೂಲ ಫೈಲ್) ತೆಗೆಯಿರಿ. ಸಾಮಾನ್ಯ ಜೆಪೆಗ್ ಫೋಟೋದಲ್ಲಿ 255ಕ್ಕೆ 128 ಅಂದರೆ ಅರ್ಧ ಬೆಳಕಲ್ಲ, ಸುಮಾರು ಶೇ. 22 ಮಾತ್ರ. ಕಣ್ಣಿಗೆ ಹಿತವಾಗಲಿ ಅಂತ ಅಂಕಿಗಳನ್ನು ಬಗ್ಗಿಸಿರುತ್ತಾರೆ. ಮಕ್ಕಳಿಗೆ ತೋರಿಸಲು ಜೆಪೆಗ್ ಭಾಗಿಸಿದರೂ ಸಾಕು, ಮೂಲೆ ಬೆಳಗುತ್ತದೆ. ನಾಳ ಎಷ್ಟು ಮುಚ್ಚಿದೆ ಅಂತ ಅಳೆಯುವವರಿಗೆ ಸಾಲದು.

ಪ್ರಶ್ನೆ: ರಕ್ತದ ಸ್ಮಿಯರ್ (ಗಾಜಿನ ಮೇಲೆ ತೆಳುವಾಗಿ ಸವರಿದ ರಕ್ತ) ಫೋಟೋ ಬೆಳಿಗ್ಗೆ ತೆಗೆದದ್ದು ಬೆಳ್ಳಗೆ, ಮಧ್ಯಾಹ್ನ ತೆಗೆದದ್ದು ಹಳದಿ ಮತ್ತು ಮಂಕು. ಅದೇ ಸ್ಲೈಡ್, ಅದೇ ಮೈಕ್ರೋಸ್ಕೋಪ್. ಬಲ್ಬ್ ಹೋಗುತ್ತಿದೆಯೇ?
(ಲ್ಯಾಬ್ ಟೆಕ್ನಿಷಿಯನ್, ಯಾದಗಿರಿ)

ಬಲ್ಬ್ ಪಾಪ, ಅದರ ತಪ್ಪಿಲ್ಲ. ನಿಮ್ಮದು ಹಳೆಯ ಹ್ಯಾಲೊಜೆನ್, ಸಾದಾ ಟ್ರಾನ್ಸ್‌ಫಾರ್ಮರ್ ಅಂದಿದ್ದೀರಿ. ಮಧ್ಯಾಹ್ನ ವೋಲ್ಟೇಜ್ ಇಳಿಯುತ್ತದೆ. ತಂತಿ ಕಾಯ್ದು ಉರಿಯುವ ಬಲ್ಬಿನಲ್ಲಿ ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತದೆ, ಬಣ್ಣವೂ ಹಳದಿಗೆ ತಿರುಗುತ್ತದೆ. ಒಂದು ಸ್ಟೆಬಿಲೈಜರ್ ಹಾಕಿ, ಇಲ್ಲವೇ ಎಲ್‌ಇಡಿಗೆ ಬದಲಿಸಿ. ಅಲ್ಲಿವರೆಗೆ ಪ್ರತಿ ಸಲ ಕೂತಾಗಲೂ ಸ್ಮಿಯರಿನ ಅಂಚಿನಾಚೆ, ರಕ್ತವಿಲ್ಲದ ಗಾಜಿನ ಜಾಗದಲ್ಲಿ ಒಂದು ಖಾಲಿ ಫೋಟೋ ತೆಗೆದು, ಆ ಹೊತ್ತಿನ ಚಿತ್ರಗಳನ್ನು ಅದರಿಂದಲೇ ಭಾಗಿಸಿ. ಬೆಳಗಿನ ಖಾಲಿ ಫೋಟೋ ಮಧ್ಯಾಹ್ನಕ್ಕೆ ಬರುವುದಿಲ್ಲ.

ಪ್ರಶ್ನೆ: ಮೇಡಂ, ನಾನು ತೊಗರಿ ಬೇರಿನೊಳಗೆ ನೆಟೆ ರೋಗದ ಶಿಲೀಂಧ್ರ ಎಷ್ಟು ಆಳಕ್ಕೆ ಇಳಿಯುತ್ತದೆ ಅಂತ ಅಧ್ಯಯನ ಮಾಡುತ್ತಿದ್ದೇನೆ. ಹೈದರಾಬಾದಿಗೆ ಹೋಗಿ, ಲೇಸರ್ ಬಿಟ್ಟು ಒಂದೊಂದೇ ಆಳದ ಚಿತ್ರ ಕೊಡುವ ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ಮೇಲಿಂದ 60 ಮೈಕ್ರಾನ್‌ವರೆಗೆ ಪದರ ಪದರವಾಗಿ ಚಿತ್ರ ತೆಗೆದು ತಂದೆ. ಶಿಲೀಂಧ್ರಕ್ಕೆ ಲೇಸರ್ ಬಿದ್ದರೆ ಹಸಿರಾಗಿ ಹೊಳೆಯುವ ಡೈ, ಬೇರಿನ ಕೋಶಗೋಡೆಗೆ ಕೆಂಪಾಗಿ ಹೊಳೆಯುವ ಡೈ. ಮೇಲಿನ ಪದರಗಳಲ್ಲಿ ಹಸಿರು ಜೋರಾಗಿದೆ, ಕೆಳಗೆ ಹೋದಂತೆ ಇಲ್ಲವೇ ಇಲ್ಲ ಅನ್ನುವಷ್ಟು. ನಮ್ಮ ಗೈಡ್ "ಶಿಲೀಂಧ್ರ ಮೇಲ್ಭಾಗದಲ್ಲೇ ನಿಂತಿದೆ, ಹಾಗೇ ಬರಿ" ಅನ್ನುತ್ತಾರೆ. ಸೀನಿಯರ್ ಒಬ್ಬರು "ಕೆಳಗಿನ ಪದರಗಳನ್ನು ಸಾಫ್ಟ್‌ವೇರಿನಲ್ಲಿ ಬೆಳಗಿಸಿಕೋ" ಅನ್ನುತ್ತಾರೆ. ಯಾರ ಮಾತು ಕೇಳಲಿ?
(ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ)

ತಂಗಿ, ಈಗಲೇ ಇಬ್ಬರ ಮಾತೂ ಕೇಳಬೇಡ. ಗೈಡ್ ಹೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ನಿನ್ನ ಹತ್ತಿರ ಇರುವ ಚಿತ್ರಗಳಿಂದ ಅದನ್ನು ಹೇಳಲು ಬರುವುದಿಲ್ಲ. ಹಸಿರು ಕಡಿಮೆಯಾಗಲು ಕನಿಷ್ಠ ನಾಲ್ಕು ಕಾರಣ ಇವೆ, ನಿನ್ನ ಗೈಡ್ ಹೇಳಿದ್ದು ಅದರಲ್ಲಿ ಒಂದು.

ಮೊದಲನೆಯದು ಆಳ. ಲೇಸರ್ ಬೆಳಕು ಬೇರಿನೊಳಗೆ ಇಳಿಯುವಾಗ ಪ್ರತಿ ಗೋಡೆಯಲ್ಲೂ ಅಷ್ಟಿಷ್ಟು ಚದುರುತ್ತದೆ. ಡೈ ಕೊಟ್ಟ ಹಸಿರು ಬೆಳಕು ಅದೇ ದಾರಿಯಲ್ಲಿ ವಾಪಸ್ ಬರಬೇಕು, ಆಗಲೂ ಚದುರುತ್ತದೆ. ಹೋಗುವಾಗಲೂ ಸುಂಕ, ಬರುವಾಗಲೂ ಸುಂಕ. ಅದರ ಮೇಲೆ ಕಾನ್‌ಫೋಕಲ್‌ನ ಸಣ್ಣ ಕಿಂಡಿ ದಾರಿ ತಪ್ಪಿದ ಬೆಳಕನ್ನು ಒಳಗೆ ಬಿಡುವುದೇ ಇಲ್ಲ. ಚಿತ್ರ ಚೂಪಾಗುವುದು ಅದರಿಂದಲೇ, ಆಳದಲ್ಲಿ ಕಪ್ಪಾಗುವುದೂ ಅದರಿಂದಲೇ. ಪ್ರತಿ 10 ಮೈಕ್ರಾನ್‌ಗೆ ಶೇ. 20ರಷ್ಟು ಕಳೆದುಹೋಗುತ್ತದೆ ಅಂದುಕೋ. 60 ಮೈಕ್ರಾನ್ ತಲುಪುವಾಗ ಉಳಿಯುವುದು ಶೇ. 26.

ನಿನ್ನ ಪತ್ರದಲ್ಲಿ ಇನ್ನೊಂದು ಸಾಲು ಇದೆ: ಆಯಿಲ್ ಆಬ್ಜೆಕ್ಟಿವ್ (ಲೆನ್ಸಿಗೂ ಗಾಜಿಗೂ ನಡುವೆ ಎಣ್ಣೆ ಹಾಕುವಂಥದ್ದು), ಬೇರು ನೀರಿನಲ್ಲಿ. ಅಲ್ಲೇ ನನ್ನ ಕಣ್ಣು ನಿಂತಿತು. ಎಣ್ಣೆಯ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ, 1.515, ಗಾಜಿನದು 1.52ರ ಹತ್ತಿರ, ನೀರಿನದು 1.33. ಎಣ್ಣೆ, ಗಾಜು ದಾಟಿ ನೀರಿಗೆ ಬಂದ ತಕ್ಷಣ ಬೆಳಕಿನ ಕಿರಣಗಳು ಒಂದೇ ಬಿಂದುವಿಗೆ ಸೇರದೆ ಉದ್ದಕ್ಕೆ ಹರಡಿಕೊಳ್ಳುತ್ತವೆ. ಆಳ ಹೆಚ್ಚಿದಷ್ಟೂ ಹರಡುವುದು ಹೆಚ್ಚು, ಕಿಂಡಿಯಲ್ಲಿ ನುಸುಳುವ ಬೆಳಕು ಕಡಿಮೆ. ನೀನು 60 ಮೈಕ್ರಾನ್ ಅಂದುಕೊಂಡದ್ದೂ 60 ಅಲ್ಲ. ಸ್ಟೇಜ್ ಅಷ್ಟು ಚಲಿಸಿದೆ, ಫೋಕಸ್ ಅದಕ್ಕಿಂತ ಕಡಿಮೆ ಆಳಕ್ಕೆ ಇಳಿದಿದೆ. "ಎಷ್ಟು ಆಳಕ್ಕೆ" ಅನ್ನುವುದೇ ನಿನ್ನ ಪ್ರಶ್ನೆಯಾಗಿರುವಾಗ ಇದನ್ನು ಬಿಡುವ ಹಾಗಿಲ್ಲ, ಅಲ್ವಾ?

ಎರಡನೆಯದು ಡೈ ಮಾಸುವುದು. ಒಂದು ಪದರದ ಚಿತ್ರ ತೆಗೆಯುವಾಗಲೂ ಲೇಸರ್ ಮೇಲಿನ ಕೆಳಗಿನ ಎಲ್ಲ ಪದರಗಳನ್ನೂ ಹಾದು ಹೋಗುತ್ತದೆ. ಕೊನೆಯ ಪದರದ ಸರದಿ ಬರುವ ಹೊತ್ತಿಗೆ ಅದರ ಡೈ ಆಗಲೇ ಎಷ್ಟೋ ಸಲ ಬೆಳಕು ತಿಂದಿರುತ್ತದೆ. ಪತ್ತೆ ಹಚ್ಚುವುದು ಸುಲಭ. ಕೊನೆಯ ಪದರ ಮುಗಿದ ಮೇಲೆ ಮೊದಲ ಪದರಕ್ಕೆ ವಾಪಸ್ ಬಂದು, ಅದೇ ಸೆಟ್ಟಿಂಗ್‌ನಲ್ಲಿ ಇನ್ನೊಂದು ಚಿತ್ರ ತೆಗೆ. ಮಂಕಾಗಿದ್ದರೆ ಡೈ ಮಾಸಿದೆ. ಹಾಗೇ ಇದ್ದರೆ ಈ ಅನುಮಾನ ಬಿಡು.

ಮೂರನೆಯದನ್ನು ಹೆಚ್ಚಿನವರು ನೆನೆಸಿಕೊಳ್ಳುವುದೇ ಇಲ್ಲ. ಡೈ ಒಳಗೆ ಹೋಗಿತ್ತೇ? ಶಿಲೀಂಧ್ರದ ಗೋಡೆಯಲ್ಲಿರುವ ಕೈಟಿನ್‌ಗೆ ಅಂಟುವ ನಿನ್ನ ಹಸಿರು ಡೈ ಒಂದು ಪ್ರೋಟೀನಿಗೆ ಕಟ್ಟಿದ್ದು. ದೊಡ್ಡ ಅಣು, ಇಡೀ ಬೇರಿನೊಳಗೆ ನಿಧಾನಕ್ಕೆ ಇಳಿಯುತ್ತದೆ. ಡೈ ಹಾಕಿದ ಬೇರಿನಲ್ಲೇ ಒಂದನ್ನು ತೆಗೆದು ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು, ಕೊಯ್ದ ಮುಖವನ್ನು ಮೇಲೆ ಮಾಡಿ ನೋಡು. ಈಗ ಹೊರಗಿನ ಸುತ್ತು, ಒಳಗಿನ ನಾಳ ಎಲ್ಲವೂ ಒಂದೇ ಆಳದಲ್ಲಿವೆ, ಬೆಳಕಿನ ಸುಂಕ ಎಲ್ಲಕ್ಕೂ ಒಂದೇ. ಪಕ್ಕದಲ್ಲೇ ಇನ್ನೊಂದು ಬೇರನ್ನು ಮೊದಲು ಕೊಯ್ದು ಆಮೇಲೆ ಡೈ ಹಾಕಿ ನೋಡು. ಎರಡನೆಯದರ ನಡುವೆ ಹಸಿರು ಇದ್ದು ಮೊದಲನೆಯದರಲ್ಲಿ ಇಲ್ಲದಿದ್ದರೆ, ಡೈ ಒಳಗೆ ಇಳಿದೇ ಇಲ್ಲ. ಎರಡರಲ್ಲೂ ನಡುವೆ ಹಸಿರಿಲ್ಲದಿದ್ದರೆ ಗೈಡ್ ಮಾತಿಗೆ ಬಲ ಬಂತು. ನಾನು ನಿನ್ನ ಜಾಗದಲ್ಲಿದ್ದರೆ ಹೈದರಾಬಾದ್ ಬಸ್ ಹತ್ತುವ ಮೊದಲೇ ಇದನ್ನು ಮಾಡುತ್ತಿದ್ದೆ. ಇದಕ್ಕೆ ಕಾನ್‌ಫೋಕಲ್ ಬೇಡ, ಡೈ ಹೊಳೆಯುವುದನ್ನು ತೋರಿಸುವ ಫ್ಲೋರೆಸೆನ್ಸ್ ಸೌಲಭ್ಯ ಇರುವ ಸಾದಾ ಮೈಕ್ರೋಸ್ಕೋಪ್ ಸಾಕು.

ಮುಂದಿನ ಸಲಕ್ಕೆ ಕೆಲವು ಮಾತು. ಬೇರನ್ನು ನೀರಿನ ಬದಲು ಗ್ಲಿಸರಿನ್‌ನಲ್ಲಿಡು. ಅದರ ಸೂಚ್ಯಂಕ 1.47, ಗಾಜಿಗೂ ಕೋಶಗೋಡೆಗೂ ಹತ್ತಿರ. ಅಂಗಾಂಶವೇ ತಿಳಿಯಾಗಿ, ಚದುರುವುದು ಕಡಿಮೆಯಾಗುತ್ತದೆ. ಒಮ್ಮೆಲೇ ಹಾಕಿದರೆ ಕೋಶಗಳು ಮುದುರುತ್ತವೆ. ಕಾಲು ಪಾಲು, ಅರ್ಧ, ಮುಕ್ಕಾಲು ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಿಸು. ಅಂಗಾಂಶವನ್ನು ತಿಳಿ ಮಾಡುವ ಈ ಉಪಾಯಕ್ಕೆ ನೂರು ವರ್ಷ ದಾಟಿದೆ. ಜರ್ಮನಿಯ ಸ್ಪಾಲ್ಟೆಹೋಲ್ಟ್ಸ್ ಅನ್ನುವ ಅಂಗರಚನಾ ತಜ್ಞರು ವಿಂಟರ್‌ಗ್ರೀನ್ ಎಣ್ಣೆಯಲ್ಲಿಟ್ಟು ಇಡೀ ಅಂಗಗಳನ್ನೇ ಪಾರದರ್ಶಕ ಮಾಡುತ್ತಿದ್ದರು. ಅದರಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಇವತ್ತಿಗೂ ಬಳಕೆಯಲ್ಲಿದೆ. ಅದನ್ನು ಬಳಸುವ ಲ್ಯಾಬಿಗೆ ಹೋದರೆ ಮೊಣಕಾಲಿಗೆ ಹಚ್ಚುವ ಮುಲಾಮಿನ ವಾಸನೆ ಹೊಡೆಯುತ್ತದೆ. ನಿನಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ, ಗ್ಲಿಸರಿನ್ ಸಾಕು. ಕವರ್‌ಸ್ಲಿಪ್ 0.17 ಮಿಲಿಮೀಟರ್ ದಪ್ಪದ್ದೇ ಇರಲಿ, ಡಬ್ಬಿಯ ಮೇಲೆ 1.5 ಅಂತ ಬರೆದಿರುತ್ತದೆ. ಬೇರನ್ನು ಎರಡು ಕವರ್‌ಸ್ಲಿಪ್‌ಗಳ ನಡುವೆ ಕೂರಿಸಿದರೆ ಒಂದು ಬದಿಯಿಂದ ಚಿತ್ರ ತೆಗೆದು, ಮಗುಚಿ ಹಾಕಿ ಇನ್ನೊಂದು ಬದಿಯಿಂದಲೂ ತೆಗೆಯಬಹುದು. ಮಗುಚಿದಾಗ ಮೊದಲು ಕಪ್ಪಾಗಿದ್ದ ಬದಿ ಬೆಳಗಿ, ಬೆಳಗಿದ್ದ ಬದಿ ಕಪ್ಪಾದರೆ ಅದು ಆಳದ ಕೆಲಸ. ಅದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಲೆಕ್ಕದಲ್ಲಿ ಸರಿ ಮಾಡುವುದು. ನಿನ್ನ ಸೀನಿಯರ್ ಹೇಳಿದ ಹಾಗೆ ಹಸಿರನ್ನು ನೋಡಿಕೊಂಡೇ ಹಸಿರನ್ನು ಬೆಳಗಿಸಿದರೆ, ಉತ್ತರವನ್ನು ಮೊದಲೇ ಬರೆದಿಟ್ಟು ಪ್ರಶ್ನೆ ಬಿಡಿಸಿದ ಹಾಗೆ. ಎಲ್ಲ ಪದರದಲ್ಲೂ ಶಿಲೀಂಧ್ರ ಒಂದೇ ಸಮ ಇದೆ ಅಂತ ನೀನೇ ಒಪ್ಪಿಕೊಂಡಂತಾಯಿತು. ಕೆಂಪು ಗೋಡೆಗಳನ್ನು ಹಿಡಿ. ಬೇರಿನ ಕೋಶಗೋಡೆ ಮೇಲೆಯೂ ಇದೆ, ಕೆಳಗೂ ಇದೆ. ಪದರದ ಒಟ್ಟು ಸರಾಸರಿ ತೆಗೆಯಬೇಡ, ಒಳಗಿನ ಸಣ್ಣ ಕೋಶಗಳಲ್ಲಿ ಗೋಡೆ ಒತ್ತಾಗಿರುತ್ತದೆ. ಕಾರ್ಟೆಕ್ಸ್‌ನ (ಹೊರಚರ್ಮಕ್ಕೂ ನಡುವಿನ ನಾಳಗಳಿಗೂ ಮಧ್ಯದ ಭಾಗ) ಗೋಡೆಗಳನ್ನಷ್ಟೇ ಆರಿಸಿ, ಗೋಡೆಯ ಮೇಲಿನ ಹೊಳಪನ್ನೇ ಅಳೆ. ಕತ್ತಲೆ ಕಳೆ. ಪ್ರತಿ ಆಳಕ್ಕೂ ಬಂದ ಅಂಕಿಯ ಲಾಗ್ ತೆಗೆದು ಗ್ರಾಫ್ ಹಾಕು. ಮೇಲೆ 160, 10 ಮೈಕ್ರಾನ್‌ನಲ್ಲಿ 128, 20ರಲ್ಲಿ 102 ಅಂತ ಬಂದರೆ ಲಾಗ್ ಗ್ರಾಫ್ ನೇರ ಗೆರೆಯಾಗುತ್ತದೆ. ಅದರ ಇಳಿಜಾರೇ ನಿನ್ನ ನಷ್ಟದ ದರ. ಗೆರೆ ಮಧ್ಯದಲ್ಲಿ ಮುರಿದರೆ ಅಲ್ಲಿ ಬೇರೆ ಏನೋ ಇದೆ, ಎಳೆದು ಕೂರಿಸಬೇಡ.

ಕೆಂಪಿನ ದರ ಹಸಿರಿಗೆ ನೇರ ಬರುವುದಿಲ್ಲ ಅನ್ನುವುದೂ ನೆನಪಿರಲಿ. ಅಲೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ ಚದುರುತ್ತದೆ, ಹಾಗಾಗಿ ಹಸಿರಿನ ನಷ್ಟ ಕೆಂಪಿಗಿಂತ ಸ್ವಲ್ಪ ಹೆಚ್ಚೇ. ರೋಗವಿಲ್ಲದ ಒಂದು ಬೇರಿನ ಗೋಡೆಗೆ ಹಸಿರು ಬೆಳಕು ಕೊಡುವ ಡೈ ಹಾಕಿ, ಇದೇ ಗ್ರಾಫ್ ಇನ್ನೊಮ್ಮೆ ಮಾಡಿದರೆ ಹಸಿರಿನ ದರ ಸಿಗುತ್ತದೆ.

ಭಾಗಿಸಿ ಬೆಳಗಿಸಿದ ಮೇಲೂ ಒಂದು ವಿಷಯ ಉಳಿಯುತ್ತದೆ. ಮೇಲಿನ ಪದರದ ಒಂದು ಪಿಕ್ಸೆಲ್‌ಗೆ 100 ಫೋಟಾನ್ (ಬೆಳಕಿನ ಕಣ) ಬಂದರೆ ಅದರ ಸಹಜ ಏರಿಳಿತ 10, ಅಂದರೆ ಶೇ. 10. ಆಳದಲ್ಲಿ 25 ಬಂದರೆ ಏರಿಳಿತ 5, ಅಂದರೆ ಶೇ. 20. ನಾಲ್ಕರಿಂದ ಗುಣಿಸು. 25 ಹೋಗಿ 100 ಆಯಿತು, 5 ಹೋಗಿ 20 ಆಯಿತು. ಹೊಳಪು ಸಮ ಆಯಿತು, ನಂಬಿಕೆ ಸಮ ಆಗಲಿಲ್ಲ. ಫೋಟಾನೇ ಬಾರದ ಕಡೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ. ಮೇಲೆ ತುಂಬಿ ತುಳುಕಿ 255ರಲ್ಲಿ ನಿಂತ ಪಿಕ್ಸೆಲ್ ಕೂಡ ಹಾಗೇ, ಅದರ ನಿಜವಾದ ಅಂಕಿ ಎಷ್ಟಿತ್ತೋ ಯಾರಿಗೂ ಗೊತ್ತಿಲ್ಲ. ಆಳ ಇಳಿದಂತೆ ಲೇಸರ್ ಹೆಚ್ಚಿಸುವ ಸೌಲಭ್ಯ ಕಾನ್‌ಫೋಕಲ್‌ಗಳಲ್ಲಿ ಇರುತ್ತದೆ. ಅದು ನಿಜವಾಗಿ ಫೋಟಾನ್ ತರುತ್ತದೆ, ಆದ್ದರಿಂದ ನನಗೆ ಅದೇ ಇಷ್ಟ. ಯಾವ ಪದರಕ್ಕೆ ಎಷ್ಟು ಲೇಸರ್ ಅನ್ನುವ ಪಟ್ಟಿಯನ್ನು ಮಾತ್ರ ಚಿತ್ರದ ಜೊತೆಗೇ ಇಟ್ಟುಕೋ.

ಇನ್ನೂ ಆಳಕ್ಕೆ ಹೋಗಬೇಕಾದರೆ 1990ರಲ್ಲಿ ಡೆಂಕ್, ಸ್ಟ್ರಿಕ್ಲರ್, ವೆಬ್ ಮಾಡಿ ತೋರಿಸಿದ ಎರಡು ಫೋಟಾನ್ ಮೈಕ್ರೋಸ್ಕೋಪ್ ಇದೆ. ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು ಬಳಸುತ್ತದೆ, ಅದು ಚದುರುವುದು ಕಡಿಮೆ. ನಿನ್ನ ಬೇರಿಗೆ ಅಷ್ಟು ಬೇಕಿಲ್ಲ. ಬ್ಲೇಡ್, ಗ್ಲಿಸರಿನ್, ಎರಡು ಕವರ್‌ಸ್ಲಿಪ್, ಇವಿಷ್ಟರಿಂದ ಶುರು ಮಾಡು. ಗೈಡ್ ಜೊತೆ ಜಗಳ ಬೇಡ, ಕೊಯ್ದ ಮುಖದ ಎರಡು ಫೋಟೋ ಅವರ ಮೇಜಿನ ಮೇಲಿಡು.

ಪ್ರಶ್ನೆ: ಜೀವಂತ ಕೋಶಗಳ ಚಿತ್ರವನ್ನು ನಿಮಿಷಕ್ಕೊಂದರಂತೆ ತೆಗೆಯುತ್ತೇನೆ. ಅರ್ಧ ಗಂಟೆಯಲ್ಲಿ ಹೊಳಪು ಅರ್ಧಕ್ಕೆ ಇಳಿಯುತ್ತದೆ. ಫಿಜಿಯಲ್ಲಿ ಡೈ ಮಾಸಿದ್ದನ್ನು ಸರಿದೂಗಿಸಲು ಬ್ಲೀಚ್ ಕರೆಕ್ಷನ್ ಅಂತ ಇದೆ, ಮೂರು ಆಯ್ಕೆ ತೋರಿಸುತ್ತದೆ. ಯಾವುದು ಒತ್ತಲಿ?
(ಪಶುವೈದ್ಯ ವಿದ್ಯಾರ್ಥಿ, ಬೀದರ್)

ತಮ್ಮಾ, ಒತ್ತುವ ಮೊದಲು ಲೇಸರ್ ತಗ್ಗಿಸು. ನಿಮಿಷಕ್ಕೊಂದು ಚಿತ್ರ ನಿಜಕ್ಕೂ ಬೇಕೇ? ಎರಡು ನಿಮಿಷಕ್ಕೊಂದು ಸಾಕಾದರೆ ಮಾಸುವುದು ಅರ್ಧ ಕಡಿಮೆ. ಮಾಸುವ ಡೈ ಕೋಶಕ್ಕೂ ವಿಷವಾಗುತ್ತದೆ. ಸಾಯುತ್ತಿರುವ ಕೋಶದ ಚಿತ್ರವನ್ನು ಎಷ್ಟು ಚಂದ ತಿದ್ದಿದರೆ ಏನು ಬಂತು?

ಆ ಮೂರರಲ್ಲಿ ಸರಳ ಅನುಪಾತದ ಆಯ್ಕೆ ಪ್ರತಿ ಚಿತ್ರದ ಸರಾಸರಿಯನ್ನು ಮೊದಲ ಚಿತ್ರಕ್ಕೆ ಸರಿದೂಗಿಸುತ್ತದೆ. ಎಕ್ಸ್‌ಪೊನೆನ್ಷಿಯಲ್ ಆಯ್ಕೆ ಇಳಿಕೆಗೆ ಒಂದು ನಯವಾದ ಗೆರೆ ಎಳೆದು ಅದರಿಂದ ಭಾಗಿಸುತ್ತದೆ. ಹಿಸ್ಟೋಗ್ರಾಮ್ ಹೊಂದಿಸುವ ಆಯ್ಕೆ ಪ್ರತಿ ಚಿತ್ರದ ಹೊಳಪಿನ ಹಂಚಿಕೆಯನ್ನೇ ಮೊದಲಿನದರಂತೆ ಮಾಡಿಬಿಡುತ್ತದೆ. ಕೋಶ ಎಲ್ಲಿಗೆ ಓಡಿತು ಅಂತ ನೋಡಲು ಅದು ಒಳ್ಳೆಯದು, ಹೊಳಪು ಅಳೆಯಲು ಕೆಟ್ಟದ್ದು. ನೀನು ಔಷಧಿ ಹಾಕಿ ಹೊಳಪು ಎಷ್ಟು ಇಳಿಯಿತು ಅಂತ ನೋಡುವವನಾದರೆ ಮೂರನ್ನೂ ಬಿಡು. ಔಷಧಿ ಹಾಕದ ಕೋಶಗಳನ್ನು ಅದೇ ಲೇಸರ್, ಅದೇ ಸಮಯಕ್ಕೆ ಚಿತ್ರಿಸು. ಅವು ಎಷ್ಟು ಮಾಸಿದವೋ ಅದರಿಂದ ನಿನ್ನವನ್ನು ಭಾಗಿಸು. ಔಷಧಿಯ ಪರಿಣಾಮ ಆ ಮೇಲೆ ಉಳಿದದ್ದು.

ಪ್ರಶ್ನೆ: ಫೋಟೋಶಾಪ್‌ನಲ್ಲಿ ಬ್ರೈಟ್‌ನೆಸ್ ಏರಿಸಿದರೆ ಮೋಸವೇ?
(ಎಂ.ಎಸ್‌ಸಿ. ವಿದ್ಯಾರ್ಥಿ, ಕಲಬುರಗಿ)

ಇಡೀ ಚಿತ್ರಕ್ಕೆ, ಹೋಲಿಸುವ ಎಲ್ಲ ಚಿತ್ರಗಳಿಗೂ ಒಂದೇ ಸಮ ಏರಿಸಿ, ಏರಿಸಿದ್ದೇನೆ ಅಂತ ಬರೆದರೆ ಮೋಸವಲ್ಲ. ರೋಗ ಬಂದದ್ದಕ್ಕೆ ಮಾತ್ರ ಏರಿಸಿ, ಬಾರದ್ದನ್ನು ಹಾಗೇ ಬಿಟ್ಟರೆ ಮೋಸ. ಒಂದು ಮೂಲೆಯನ್ನು ಬ್ರಷ್ ಹಿಡಿದು ಬೆಳಗಿಸಿದರೂ ಮೋಸವೇ. ಜರ್ನಲ್ ಆಫ್ ಸೆಲ್ ಬಯಾಲಜಿ ಅನ್ನುವ ಸಂಶೋಧನಾ ಪತ್ರಿಕೆ 2002ರಿಂದ ತಾನು ಒಪ್ಪಿಕೊಂಡ ಲೇಖನಗಳ ಚಿತ್ರಗಳನ್ನು ತಿದ್ದಿದ್ದಾರೆಯೇ ಅಂತ ಪರಿಶೀಲಿಸಲು ಶುರು ಮಾಡಿತು. ಮೂಲ ಫೈಲ್ ಕೇಳಿದರೆ ಕೊಡಲು ಇರಬೇಕು. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ.

ಪ್ರಶ್ನೆ: ಖಾಲಿ ಫೋಟೋದಿಂದ ಭಾಗಿಸಿದ ಮೇಲೆ ನನ್ನ ಚಿತ್ರದಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ ಬಂದಿವೆ. ಸೆಕ್ಷನ್‌ನಲ್ಲಿ ಅವು ಇರಲಿಲ್ಲ.
(ಉಪನ್ಯಾಸಕಿ, ಶಹಾಪುರ)

ಅದು ನಮ್ಮ ಭಾಗದ ಧೂಳು ಮೇಡಂ. ಲೆನ್ಸ್ ಮೇಲೋ ಕ್ಯಾಮೆರಾ ಮೇಲೋ ಕೂತ ಧೂಳು ಎರಡೂ ಫೋಟೋಗಳಲ್ಲಿ ಒಂದೇ ಕಡೆ ಇದ್ದರೆ ಭಾಗಿಸಿದಾಗ ಮಾಯವಾಗುತ್ತದೆ. ನಿಮ್ಮದರಲ್ಲಿ ಎರಡು ಫೋಟೋಗಳ ನಡುವೆ ಏನೋ ಅಲುಗಾಡಿದೆ. ಖಾಲಿ ಫೋಟೋದಲ್ಲಿ ಕಪ್ಪಾಗಿದ್ದ ಕಡೆ ಭಾಗಿಸಿದರೆ ಅಂಕಿ ಏರಿ ಬಿಳಿ ಚುಕ್ಕೆ ಹುಟ್ಟುತ್ತದೆ. ಸ್ಲೈಡಿನ ಖಾಲಿ ಜಾಗದಲ್ಲೇ ಕಸ ಇದ್ದರೂ ಹೀಗೇ. ಮೂರು ನಾಲ್ಕು ಬೇರೆ ಬೇರೆ ಖಾಲಿ ಜಾಗಗಳಲ್ಲಿ ಫೋಟೋ ತೆಗೆದು, ಅವುಗಳ ಮೀಡಿಯನ್ (ಅಂಕಿಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ) ಹಿಡಿದರೆ ಸ್ಲೈಡಿನ ಕಸ ತಾನಾಗಿ ಬಿದ್ದುಹೋಗುತ್ತದೆ.

ಉಳಿದದ್ದು ಎಲ್ಲಿದೆ ಅಂತ ಹುಡುಕಿ. ಐಪೀಸ್ ತಿರುಗಿಸಿದಾಗ ಚುಕ್ಕೆಯೂ ತಿರುಗಿದರೆ ಧೂಳು ಐಪೀಸಿನಲ್ಲಿ. ಸ್ಲೈಡ್ ಸರಿಸಿದಾಗ ಸರಿದರೆ ಸ್ಲೈಡಿನಲ್ಲಿ. ಕಂಡೆನ್ಸರ್ ಏರಿಸಿ ಇಳಿಸಿದಾಗ ಚೂಪಾಗಿ ಮಸುಕಾದರೆ ಅಲ್ಲಿ. ಯಾವುದಕ್ಕೂ ಜಗ್ಗದಿದ್ದರೆ ಕ್ಯಾಮೆರಾದಲ್ಲಿ. ಸೆರಗಿನಿಂದಲೋ ಕರ್ಚೀಫಿನಿಂದಲೋ ಒರೆಸಬೇಡಿ, ನಮ್ಮ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಲೆನ್ಸಿನ ಲೇಪವನ್ನು ಗೀರುತ್ತದೆ. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ. ಆಮೇಲೂ ಹೋಗದಿದ್ದರೆ ಲೆನ್ಸ್ ಪೇಪರಿಗೆ ಒಂದು ಹನಿ ಲೆನ್ಸ್ ಕ್ಲೀನರ್ ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತಾ ಬನ್ನಿ. ಆಮೇಲೆ ಹೊಸ ಖಾಲಿ ಫೋಟೋ ತೆಗೆಯಿರಿ, ಹಳೆಯದು ಇನ್ನು ಕೆಲಸಕ್ಕೆ ಬರುವುದಿಲ್ಲ.